ಗಡ್ಡೆ ಇದೆ ಅಂದ್ರೆ, ಎಲ್ಲಿದೆ ಅಂತ ಕೇಳಿ

ಲಿಂಗಸುಗೂರು ತಾಲ್ಲೂಕಿನಿಂದ ಒಬ್ಬ ಹೆಣ್ಣುಮಗಳು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. "ಅಕ್ಕಾ, ಮದಿವಿಯಾಗಿ ಏಳು ವರ್ಷ ಆತು, ಮಕ್ಕಳಾಗಿಲ್ಲ. ಸ್ಕ್ಯಾನಿಂಗ್‌ನಾಗ ಗರ್ಭಚೀಲದಾಗ ಗಡ್ಡಿ ಅದ ಅಂದಾರ. ಒಬ್ಬ ಡಾಕ್ಟರು ಮೊದ್ಲು ಗಡ್ಡಿ ತಗಸು ಅಂತಾರ, ಇನ್ನೊಬ್ರು ಸೀದಾ ಐವಿಎಫ್ ಮಾಡಿಸು ಅಂತಾರ. ಓಣ್ಯಾಗಿನವ್ರು ಗಡ್ಡಿ ಅಂದ್ರ ಕ್ಯಾನ್ಸರ್, ಚೀಲಾನ ತಗಸಿಬಿಡು ಅಂತಾರ. ಯಾರ ಮಾತು ಕೇಳ್ಲಿ?"

ನಾನು ಡಾಕ್ಟರ್ ಅಲ್ಲ, ಓದಿದ್ದು ಎಂಜಿನಿಯರಿಂಗ್. ಆದ್ರೆ ಈ ಪ್ರಶ್ನೆ ಒಬ್ಬರದ್ದಲ್ಲ. ಸಿಂಧನೂರು, ಮಸ್ಕಿ ಕಡೆಯ ಎಷ್ಟೋ ಮನೆಗಳಲ್ಲಿ ಬಾಯಿ ಬಿಟ್ಟು ಕೇಳಲಾಗದೆ ಉಳಿದಿರೋ ಪ್ರಶ್ನೆ. ಹಾಗಾಗಿ ತಜ್ಞರು ಹೇಳಿರೋದನ್ನ ಬಿಡಿಸಿ ಹೇಳ್ತೀನಿ.

ಮೊದಲು ಓಣಿಯವರ ಮಾತು. ಫೈಬ್ರಾಯ್ಡ್ ಅನ್ನೋದು ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯೋ ಗಂಟು. ಕ್ಯಾನ್ಸರ್ ಅಲ್ಲ, ಅಂಥ ಗಂಟಿನಲ್ಲಿ ಕ್ಯಾನ್ಸರ್ ಕಾಣಿಸೋದು ತೀರಾ ಅಪರೂಪ. ಎಷ್ಟೋ ಹೆಂಗಸರಿಗೆ ಅದು ಇರೋದೇ ಗೊತ್ತಿರಲ್ಲ, ಮಕ್ಕಳನ್ನೂ ಹೆತ್ತಿರ್ತಾರೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತೆ.

ಹಾಗಾದ್ರೆ ಮಗು ಆಗೋದಕ್ಕೆ ಅಡ್ಡಿ ಯಾವಾಗ? ಗರ್ಭಕೋಶವನ್ನ ಒಂದು ಕೋಣೆ ಅಂದ್ಕೊಳ್ಳಿ. ಗೋಡೆಯ ಹೊರಗಡೆ ಉಬ್ಬು ಬಂದಿದ್ರೆ ಒಳಗೆ ಮಲಗಿದವರಿಗೆ ತೊಂದರೆ ಇಲ್ಲ. ಅದೇ ಉಬ್ಬು ಕೋಣೆಯೊಳಗೆ ಚಾಚಿಕೊಂಡ್ರೆ, ಚಿಕ್ಕದಾದ್ರೂ ತೊಂದರೆ. ಎರಡು ಸೆಂಟಿಮೀಟರಿನ ಒಳಗಿನ ಗಂಟು, ಆರು ಸೆಂಟಿಮೀಟರಿನ ಹೊರಗಿನ ಗಂಟಿಗಿಂತ ಹೆಚ್ಚು ಕಾಟ ಕೊಡಬಹುದು. ನಮ್ಮ ಜನ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಸೆಂಟಿಮೀಟರ್ ನೋಡಿ ಗಾಬರಿಯಾಗ್ತಾರೆ, ನೋಡಬೇಕಾದ್ದು ಜಾಗ.

ಇನ್ನು ಐವಿಎಫ್. "ಲ್ಯಾಬಿನಲ್ಲೇ ಭ್ರೂಣ ಮಾಡ್ತಾರಲ್ಲ, ಗಡ್ಡೆ ಇದ್ರೇನಂತೆ" ಅನ್ನೋರಿದ್ದಾರೆ. ತಪ್ಪು ಇಲ್ಲೇ ಆಗೋದು. ಐವಿಎಫ್ ಬೈಪಾಸ್ ಮಾಡೋದು ಗರ್ಭನಾಳವನ್ನ, ಗರ್ಭಕೋಶವನ್ನಲ್ಲ. ಲ್ಯಾಬಿನಲ್ಲಿ ಎಷ್ಟೇ ಒಳ್ಳೆಯ ಭ್ರೂಣ ತಯಾರಾದ್ರೂ ಕೊನೆಗೆ ಅದು ಅಂಟಿಕೊಳ್ಳಬೇಕಾದ್ದು ಅದೇ ಕೋಣೆಯ ಒಳಪದರಕ್ಕೆ. ಅಲ್ಲೇ ಗಂಟು ಕೂತಿದ್ರೆ ಲಕ್ಷಗಟ್ಟಲೆ ಸಾಲ ಮಾಡಿ ಸುರಿದ ದುಡ್ಡು ನೀರುಪಾಲು.

2009ರಲ್ಲಿ ಪ್ರಿಟ್ಸ್, ಪಾರ್ಕರ್ ಮತ್ತು ಆಲಿವ್ ಅನ್ನೋ ಮೂವರು ವೈದ್ಯರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ್ರು. ಒಳಪದರದ ಕೆಳಗಿನ ಗಂಟು ಗರ್ಭ ನಿಲ್ಲೋ ಸಾಧ್ಯತೆಯನ್ನ ಇಳಿಸುತ್ತೆ, ತೆಗೆಸಿದ್ರೆ ಪ್ರಯೋಜನ ಇದೆ. ಹೊರಗಿನ ಗಂಟಿನಿಂದ ಪರಿಣಾಮ ಕಾಣಲಿಲ್ಲ. ಗೋಡೆಯ ದಪ್ಪದೊಳಗೆ ಹುದುಗಿದ ಗಂಟೇ ತಲೆನೋವು: ಅದರಿಂದ ಅವಕಾಶ ಕಡಿಮೆಯಾಗೋ ಹಾಗೆ ಕಾಣುತ್ತೆ, ಆದ್ರೆ ತೆಗೆದ್ರೆ ಲಾಭ ಆಗುತ್ತಾ ಅನ್ನೋದು ಸ್ಪಷ್ಟವಾಗಲಿಲ್ಲ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ರೆ ಇಬ್ಬರಲ್ಲಿ ಒಬ್ಬರು ಮೋಸ ಮಾಡ್ತಿದ್ದಾರೆ ಅಂತಲೇ ತಿಳ್ಕೋಬೇಡಿ. ಆ ಜಾಗದ ಗಂಟಿನ ಬಗ್ಗೆ ವೈದ್ಯಲೋಕವೇ ಇನ್ನೂ ಒಂದು ಮಾತಿಗೆ ಬಂದಿಲ್ಲ.

ಒಳಗಿನ ಗಂಟನ್ನ ಹಿಸ್ಟರೋಸ್ಕೋಪಿಯಲ್ಲಿ, ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ತೆಗೀತಾರೆ. ಗೋಡೆಯೊಳಗಿನ ದೊಡ್ಡ ಗಂಟಿಗೆ ಹೊಟ್ಟೆಯ ಕಡೆಯಿಂದ ಆಪರೇಷನ್ ಬೇಕಾಗಬಹುದು. ಆಮೇಲೆ ಗಾಯ ಮಾಯೋಕೆ ಕೆಲವು ತಿಂಗಳು ಕಾಯಬೇಕು, ಹೆರಿಗೆ ಸಿಸೇರಿಯನ್ ಆಗೋ ಸಂಭವ ಹೆಚ್ಚು. ಇಪ್ಪತ್ತೆಂಟರವಳಿಗೆ ಆ ತಿಂಗಳುಗಳು ದೊಡ್ಡದಲ್ಲ. ಮೂವತ್ತೆಂಟರವಳಿಗೆ ಅಂಡಾಣುಗಳ ಲೆಕ್ಕ ದಿನೇದಿನೇ ಇಳೀತಿರುತ್ತೆ. ಅಂಥವರಿಗೆ ಮೊದಲು ಭ್ರೂಣ ಮಾಡಿ ಫ್ರೀಜ್ ಮಾಡಿಟ್ಟು, ಆಮೇಲೆ ಗಂಟು ತೆಗೆಯೋದೂ ಒಂದು ದಾರಿ.

ಅಂದಹಾಗೆ, ಗಂಡನ ವೀರ್ಯ ಪರೀಕ್ಷೆ ಆಗಿದೆಯಾ? ಹೆಂಡತಿಗೆ ನಾಲ್ಕು ಸಲ ಸ್ಕ್ಯಾನಿಂಗ್, ಗಂಡನಿಗೆ ಒಂದು ಪರೀಕ್ಷೆಯೂ ಇಲ್ಲ, ಇದು ನಮ್ಮಲ್ಲಿ ತೀರಾ ಮಾಮೂಲು. ಮಕ್ಕಳಾಗದವರಲ್ಲಿ ಫೈಬ್ರಾಯ್ಡ್ ಒಂದೇ ಕಾರಣ ಆಗಿರೋದು ನೂರಕ್ಕೆ ಎರಡು ಮೂರು ಜನರಲ್ಲಿ ಮಾತ್ರ ಅಂತಾರೆ ತಜ್ಞರು.

ಈಗ ಚೀಲ ತೆಗೆಸೋ ಮಾತು. ಇಂಗ್ಲೆಂಡಿನಲ್ಲಿ ವಿಕ್ಟರ್ ಬಾನಿ ಅಂತ ಒಬ್ಬ ಸರ್ಜನ್ ಇದ್ರು. ಫೈಬ್ರಾಯ್ಡ್‌ಗಾಗಿ ಅವರ ಹೆಂಡತಿಯ ಗರ್ಭಕೋಶವನ್ನೇ ತೆಗೀಬೇಕಾಯ್ತು, ದಂಪತಿಗೆ ಮಕ್ಕಳಾಗಲಿಲ್ಲ. ಗಡ್ಡೆಯಷ್ಟನ್ನೇ ತೆಗೆದು ಗರ್ಭಕೋಶ ಉಳಿಸೋ ಮಯೋಮೆಕ್ಟಮಿಯನ್ನ ಬೆಳೆಸಿದ ದೊಡ್ಡ ಹೆಸರು ಅವರೇ. ಇದು ಸುಮಾರು ನೂರು ವರ್ಷದ ಹಿಂದಿನ ಕಥೆ. ಅದಾಗಿ ಅಷ್ಟು ಕಾಲದ ಮೇಲೆ, 2015ರಲ್ಲಿ, ನಮ್ಮ ಪಕ್ಕದ ಕಲಬುರಗಿಯಲ್ಲಿ ಏನಾಯ್ತು? ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದ ತಾಂಡಾದ ಬಡ ಹೆಂಗಸರಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ್ರು ಅನ್ನೋ ದೂರುಗಳು ಬೀದಿಗೆ ಬಂದವು. ದೇಶದ ಬೇರೆ ರಾಜ್ಯಗಳಿಂದ ಬಂದ ಇಂಥದ್ದೇ ದೂರಿನ ಮೇಲೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯೋ ಮಾರ್ಗಸೂಚಿಯನ್ನ ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳ್ತು.

ಹಾಗಾಗಿ ತಂಗಿ, ಚೀಲದ ಮಾತು ಎತ್ತಿದವರ ಹತ್ತಿರ ಸದ್ಯಕ್ಕೆ ಮಾತೇ ಬೇಡ. ಡಾಕ್ಟರ್ ಹತ್ತಿರ ಹೋದಾಗ ಹೀಗೆ ಕೇಳಿ: ಗಂಟು ಒಳಗಿದೆಯಾ, ಗೋಡೆಯಲ್ಲಿದೆಯಾ, ಹೊರಗಿದೆಯಾ? ಕೋಣೆಯ ಆಕಾರ ಕೆಡಿಸಿದೆಯಾ? ಸಾದಾ ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗದಿದ್ರೆ ಗರ್ಭಕೋಶದೊಳಗೆ ಸಲೈನ್ ಬಿಟ್ಟು ನೋಡೋ ಸ್ಕ್ಯಾನಿಂಗ್ ಇದೆ, ಅದನ್ನ ಕೇಳಿ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗ್ತಿದ್ರೆ ಹಿಮೋಗ್ಲೋಬಿನ್ ನೋಡಿಸಿ. ಐವಿಎಫ್‌ಗೇ ಹೋಗೋದಾದ್ರೆ, 2021ರ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಆಗಿರಲೇಬೇಕು, ಸರ್ಟಿಫಿಕೇಟ್ ತೋರಿಸಿ ಅನ್ನೋಕೆ ಸಂಕೋಚ ಬೇಡ. ಇನ್ನೊಂದು ಅಭಿಪ್ರಾಯ ಬೇಕಿದ್ರೆ ರಾಯಚೂರಿನ ರಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಹೋಗುವಾಗ ಹಳೇ ಸ್ಕ್ಯಾನಿಂಗ್ ರಿಪೋರ್ಟು, ಫಿಲ್ಮು ಎರಡನ್ನೂ ತಗೊಂಡು ಹೋಗಿ. ಜೊತೆಗೆ ನಿಮ್ಮ ಯಜಮಾನರನ್ನೂ ಕರ್ಕೊಂಡು ಹೋಗಿ.