ಜನರ ನಡುವೆ ಮುಳುಗುವ ಸೂರ್ಯ

ಬಂಡಳ್ಳಿಯಿಂದ ಹನೂರು ದಾಟಿ ಮಾದಪ್ಪನ ಬೆಟ್ಟ ಹತ್ತಿದ್ದೀರಿ. ಅಮಾವಾಸ್ಯೆ ಬೇರೆ. ದೀಪದಗಿರಿ ಒಡ್ಡಿನಲ್ಲಿ 108 ಅಡಿಯ ಮಹದೇಶ್ವರ, ಕೆಳಗೆ ಎಲ್ಲಿ ನೋಡಿದರೂ ತಲೆಗಳು. ಈಗ ಸೂರ್ಯಾಸ್ತದ ಫೋಟೊ ಹೇಗೆ?

ಮೊದಲು ಕೈ ಮುಂದೆ ಚಾಚಿ. ಬೆಟ್ಟದ ಅಂಚಿಗೂ ಸೂರ್ಯನಿಗೂ ನಡುವೆ ನಾಲ್ಕು ಬೆರಳು ಅಡ್ಡಡ್ಡ ಹಿಡಿಸಿದರೆ ಇನ್ನೂ ಸುಮಾರು ಅರ್ಧ ಗಂಟೆ ಇದೆ. ಸಾಲದು ಅನ್ನಬೇಡಿ, ಜಾಗ ಹುಡುಕಲು ಧಾರಾಳ ಸಾಕು. ಆದರೆ ಬಿಂಬದ ಅಂಚು ಬೆಟ್ಟ ಮುಟ್ಟಿತೋ, ಎರಡು ನಿಮಿಷ ಚಿಲ್ಲರೆಯಲ್ಲಿ ಪೂರ್ತಿ ಮಾಯ. ನಮ್ಮ ಕಡೆ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುತ್ತಾನೆ.

ಜನ ಅಡ್ಡ ಬಂದರೆ ಬರಲಿ! ಮೊಬೈಲ್ ಪರದೆಯಲ್ಲಿ ಹೊಳೆಯುವ ಆಕಾಶವನ್ನು ಒತ್ತಿ, ಬೆಳಕಿನ ಗೀಟನ್ನು ಕೆಳಕ್ಕೆಳೆಯಿರಿ. ಮುಂದಿದ್ದವರೆಲ್ಲ ಕಪ್ಪು ನೆರಳು. ಮಗುವನ್ನು ಹೆಗಲಿಗೇರಿಸಿಕೊಂಡ ಅಪ್ಪ, ತಲೆಮೇಲೆ ಗಂಟು ಹೊತ್ತ ಅಜ್ಜಿ: ಖಾಲಿ ಬೆಟ್ಟದಲ್ಲಿ ಇವರೆಲ್ಲಿ ಸಿಗುತ್ತಾರೆ? ಮುಖವೂ ಕಾಣದು, ಯಾರಿಗೂ ಮುಜುಗರವಿಲ್ಲ. ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ. ಅದು ಬೆಟ್ಟ ಮುಟ್ಟುವುದಿಲ್ಲ, ಪಕ್ಕದವರ ಬೆನ್ನು ಬೆಳಗುತ್ತದೆ ಅಷ್ಟೆ.

ಸೂರ್ಯ ಹೋದ. ಜನ ದಾಸೋಹದ ಕಡೆ. ನೀವು ನಿಲ್ಲಿ, ಪೂರ್ವಕ್ಕೆ ತಿರುಗಿ. ಆಕಾಶ ತಿಳಿಯಾಗಿದ್ದರೆ ಕಾಡಿನ ಮೇಲೆ ನೀಲಿ ಪಟ್ಟಿ, ಅದರ ಮೇಲೆ ಗುಲಾಬಿ. ಆ ನೀಲಿ, ಭೂಮಿಯದೇ ನೆರಳು. ಅಮಾವಾಸ್ಯೆಗೆ ಚಂದ್ರನೂ ಸೂರ್ಯನ ಜೊತೆಗೇ ಮುಳುಗುವುದರಿಂದ ಪಡುವಣದ ಕೆಂಪಿಗೆ ಪೈಪೋಟಿ ಇಲ್ಲ. ಮೊಬೈಲನ್ನು ಕಟ್ಟೆಗೆ ಆನಿಸಿ, ಉಸಿರು ಹಿಡಿದು, ಒತ್ತಿ.

ಹಿಂದಿನಿಂದ ಯಾರೋ ಕೂಗುತ್ತಾರೆ: ಉಘೇ ಮಾದಪ್ಪ!