ತಂತ್ರಾಂಶರಕ್ಷಣೆಯಲ್ಲಿ ಪರಿಪಾಕಕ್ರಮ

ಗಣಕಯಂತ್ರವನ್ನು ನಡೆಸುವ ಆಜ್ಞಾಸಮೂಹವೇ ತಂತ್ರಾಂಶ. ಅದನ್ನು ಸಂಸ್ಥೆಯೊಂದು ಎಷ್ಟು ಭದ್ರವಾಗಿ ರಚಿಸುತ್ತದೆಂಬುದನ್ನು ಅಳೆಯುವುದಕ್ಕೆ ‘ಸ್ಯಾಮ್’ ಎಂಬ ಪರಿಪಾಕಕ್ರಮವು 2009ರಲ್ಲಿ ಮೊದಲು ಪ್ರಕಟವಾಯಿತು. 2020ರ 2.0 ಆವೃತ್ತಿಯಲ್ಲಿ ಆಡಳಿತ, ವಿನ್ಯಾಸ, ನಿರ್ಮಾಣ, ಪರೀಕ್ಷಣ, ನಿರ್ವಹಣೆಗಳೆಂಬ 5 ಅಂಗಗಳೂ, ಅಂಗಕ್ಕೆ ಮೂರರಂತೆ 15 ಆಚರಣೆಗಳೂ, ಪ್ರತಿಯೊಂದಕ್ಕೆ 3 ಮೆಟ್ಟಿಲುಗಳೂ ಉಂಟು. ಆಚರಣೆಯು ಸಂದರ್ಭ ಬಂದಾಗ ಮಾತ್ರ ನಡೆದರೆ ಮೊದಲನೆಯದು, ಕ್ರಮಬದ್ಧವಾದರೆ ಎರಡನೆಯದು, ಸಂಸ್ಥೆಯನ್ನೆಲ್ಲ ವ್ಯಾಪಿಸಿ ಸಿದ್ಧಿಸಿದರೆ ಮೂರನೆಯದು.

ಎಲ್ಲದರಲ್ಲಿಯೂ ಮೂರನೆಯದೇ ಗುರಿಯೆಂದು ಭಾವಿಸಲಾಗದು. ಬ್ಯಾಂಕಿನ ಲೆಕ್ಕವನ್ನಿಡುವ ತಂತ್ರಾಂಶಕ್ಕೆ ಸಲ್ಲುವ ಕಟ್ಟುಪಾಡು ಗ್ರಂಥಸೂಚಿಯ ತಂತ್ರಾಂಶಕ್ಕೆ ಹೊರೆಯಾದೀತು. ಆದುದರಿಂದ ಸಂಸ್ಥೆಯು ಮೊದಲು ತನ್ನ ಸ್ಥಿತಿಯನ್ನು ಅಳೆದು, ಅಪಾಯವನ್ನು ತೂಗಿ, ಯಾವ ಆಚರಣೆಗೆ ಯಾವ ಮೆಟ್ಟಿಲು ಸಾಕೆಂದು ನಿಶ್ಚಯಿಸಿ, ಕ್ರಮವಾಗಿ ಏರಿ, ಪುನಃ ಅಳೆದು ನೋಡತಕ್ಕದ್ದು. ಕಡತದಲ್ಲಿ ಬರೆದಿಟ್ಟ ನಿಯಮವಲ್ಲ, ನಿತ್ಯದ ನಡೆವಳಿಕೆಯೇ ಇಲ್ಲಿ ಪ್ರಮಾಣ.