ಏಳು ತಂತಿಯ ಪಿಟೀಲು ಚೌಡಯ್ಯ

ಪಿಟೀಲು ವಿದ್ವಾಂಸ ತಿರುಮಕೂಡಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲಿನಲ್ಲಿ. 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಸೇರಿ, ಎಂಟು ವರ್ಷ ಗುರುಕುಲದ ಕ್ರಮದಲ್ಲಿ ಕಲಿತರು. ಕೃಷ್ಣಪ್ಪನವರು ಹೆಸರಾಂತ ಗಾಯಕರು. ಕಚೇರಿಯಲ್ಲಿ ದೇವರನಾಮಗಳಿಗೆ ಮರ್ಯಾದೆಯ ಸ್ಥಾನ ಕೊಟ್ಟವರು. ಹಾಡುವ ಗುರುವಿನ ಕೈಯಲ್ಲಿ ಪಳಗಿದ್ದು ಚೌಡಯ್ಯನವರಿಗೆ ಕೊನೆಯವರೆಗೂ ಉಪಯೋಗಕ್ಕೆ ಬಂತು. ಕೃತಿಯ ಸಾಹಿತ್ಯ ಎಲ್ಲಿ ಒಡೆಯುತ್ತದೆ, ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದು ತಿಳಿಯದವನ ಪಕ್ಕವಾದ್ಯ ಬರೀ ಸ್ವರಗಳ ಓಟವಾಗಿಬಿಡುತ್ತದೆ.

ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಅದು ಕರ್ನಾಟಕ ಸಂಗೀತಕ್ಕೆ ಒಗ್ಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಬಾಲಸ್ವಾಮಿ ದೀಕ್ಷಿತರು, ತಂಜಾವೂರಿನ ವಡಿವೇಲು ಮುಂತಾದವರ ಕೈಯಲ್ಲಿ. ನಮ್ಮವರು ಚಕ್ಕಳಮಕ್ಕಳ ಕೂತು, ವಾದ್ಯದ ತುದಿಯನ್ನು ಬಲಗಾಲಿನ ಪಾದಕ್ಕೆ ಆನಿಸಿ ನುಡಿಸುತ್ತಾರೆ. ಹೀಗೆ ವಾದ್ಯ ಅಲುಗದೆ ನಿಲ್ಲುವುದರಿಂದ ಎಡಗೈ ತಂತಿಯ ಉದ್ದಕ್ಕೂ ಸಲೀಸಾಗಿ ಜಾರುತ್ತದೆ, ಗಮಕಗಳು ಒದಗಿಬರುತ್ತವೆ. ಪಕ್ಕವಾದ್ಯಗಾರನ ಪಾಡು ಮಾತ್ರ ಸುಲಭದ್ದಲ್ಲ. ಗಾಯಕ ಮುಂದೇನು ಹಾಡುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಆಲಾಪನೆಯಲ್ಲಿ ನೆರಳಿನಂತೆ ಹಿಂದೆ ಹೋಗಬೇಕು, ತನ್ನ ಸರದಿ ಬಂದಾಗ ಸಮಜೋಡಿಯಾಗಿ ಉತ್ತರ ಕೊಡಬೇಕು.

ಚೌಡಯ್ಯನವರು ಕಚೇರಿಗೆ ಇಳಿದ ಕಾಲಕ್ಕೆ ಧ್ವನಿವರ್ಧಕ ಇನ್ನೂ ಬಂದಿರಲಿಲ್ಲ. ತುಂಬಿದ ಸಭೆ, ತೆರೆದ ಚಪ್ಪರ, ಎದುರಿಗೆ ಕಂಚಿನ ಕಂಠದ ಗಾಯಕರು. ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಸೊರಗಿಹೋಗುತ್ತಿತ್ತು. 1927ರ ಸುಮಾರಿಗೆ ಅವರು ಇದಕ್ಕೊಂದು ದಾರಿ ಕಂಡುಕೊಂಡರು: ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಕಟ್ಟಿ ಏಳು ಮಾಡಿದರು. ಕಮಾನು ಎಳೆದರೆ ಎರಡು ತಂತಿ ಒಟ್ಟಿಗೆ ನುಡಿಯುತ್ತವೆ, ನಾದ ದಪ್ಪವಾಗುತ್ತದೆ. ಲಾಭದ ಜೊತೆಗೆ ತೊಡಕೂ ಬಂತು. ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು, ಜೋಡಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಚುಚ್ಚುತ್ತದೆ. ಇಷ್ಟನ್ನೂ ಹತೋಟಿಯಲ್ಲಿಟ್ಟುಕೊಂಡು ಅಷ್ಟು ದೊಡ್ಡ, ತುಂಬಿದ ನಾದ ತೆಗೆದದ್ದೇ ಅವರ ಹೆಚ್ಚುಗಾರಿಕೆ. ಮುಂದೆ ಹತ್ತೊಂಬತ್ತು ತಂತಿಯ ಪಿಟೀಲನ್ನೂ ಅವರು ಪ್ರಯೋಗ ಮಾಡಿ ನೋಡಿದರು. ಧ್ವನಿವರ್ಧಕ ಎಲ್ಲೆಡೆ ಬಂದಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಅದು ನಾಲ್ಕು ತಂತಿಯ ವಾದ್ಯದ ಜಾಗವನ್ನು ಹಿಡಿಯಲೇ ಇಲ್ಲ.

ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೆ ಮತ್ತು ಚೌಡಯ್ಯ – ಈ ಮೂವರನ್ನು ಪಿಟೀಲಿನ ತ್ರಿಮೂರ್ತಿಗಳೆಂದು ಕರೆಯುವುದು ರೂಢಿ. ಅರಿಯಕುಡಿಯವರಂಥ ದಿಗ್ಗಜ ಗಾಯಕರಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಆದರೆ ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತದ್ದು ಚೆಂಬೈ ವೈದ್ಯನಾಥ ಭಾಗವತರ ಗಾಯನ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ. ಚೆಂಬೈ ಅವರದು ಮುಚ್ಚುಮರೆಯಿಲ್ಲದ ತುಂಬುಕಂಠ. ಅದಕ್ಕೆ ಹೆಗಲೆಣೆಯಾಗಿ ನಿಲ್ಲಲು ಏಳು ತಂತಿಯ ನಾದವೇ ಸರಿಯಾಗಿತ್ತು. 1943ರ ಕನ್ನಡ ಚಿತ್ರ ‘ವಾಣಿ’ಯಲ್ಲಿ ಈ ಮೂವರ ಕಚೇರಿಯ ದೃಶ್ಯವಿದೆ. ಚೌಡಯ್ಯನವರೇ ಅದರಲ್ಲಿ ನಟಿಸಿದ್ದರು. ಪಂಡರಿಬಾಯಿ ಚಿತ್ರರಂಗಕ್ಕೆ ಕಾಲಿಟ್ಟದ್ದೂ ಇದೇ ಚಿತ್ರದಿಂದ.

ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಅವರು ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು. ಹುಟ್ಟೂರಿನ ಹೆಸರೇ ಅಂಕಿತವಾಯಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಕಟ್ಟಿದರು. ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಅವರ ಶಿಷ್ಯರಲ್ಲಿ ಹೆಸರು ಮಾಡಿದವರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ‘ಸಂಗೀತ ಕಲಾನಿಧಿ’ ಬಿರುದು ನೀಡಿತು. ಅಲ್ಲಿನ ಸಭೆಗಳ ಮೆಚ್ಚುಗೆ ಸಂಪಾದಿಸುವುದು ಮೈಸೂರಿನವರಿಗೆ ಆಗ ಸಣ್ಣ ಮಾತಾಗಿರಲಿಲ್ಲ.

ಚೌಡಯ್ಯನವರು 1967ರ ಜನವರಿಯಲ್ಲಿ ತೀರಿಕೊಂಡರು. 1980ರಲ್ಲಿ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಅವರ ಹೆಸರಿನ ಸ್ಮಾರಕ ಭವನ ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಕಟ್ಟಡದ ಆಕಾರ ಏಳು ತಂತಿಯ ಪಿಟೀಲಿನದೇ.